ಬೆಟ್ಟದ ಮೇಲಿನ ಸಾವುಗಳಿಗೆ ಹೊಣೆ ಯಾರು?

ರೋಮಿಯೋ-ಜೂಲಿಯೆಟರ ಸಾವಿಗೆ ಹೊಣೆ ಯಾರೆಂಬ ಪ್ರಶ್ನೆಗೆ ಉತ್ತರ ಬರೆದು ಅಂಕ ಗಳಿಸಿದ ಕಲಾ ಪದವೀಧರರು ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಬೇಕಾದಷ್ಟಿದ್ದಾರೆ. ಮನೆತನಗಳ ಹಗೆ, ಪಾದ್ರಿಯ ದುಡುಕು, ತಲುಪದ ಪತ್ರ, ಉತ್ತರ ಸಿದ್ಧವಾಗಿರುತ್ತದೆ. ಆದರೆ ಕನ್ನಡಿಗರದೇ ದುರಂತ ಪ್ರೇಮಕಥೆಯಾದ ‘ನಾಗರಹಾವು’ ಕುರಿತು ಇದೇ ಪ್ರಶ್ನೆ ಕೇಳಿದರೆ ನಾವು ತಡವರಿಸುತ್ತೇವೆ. ಏಕೆಂದರೆ ಅಲ್ಲಿ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾದವರು ನಾವೆಲ್ಲ ಗೌರವಿಸುವ ಚಾಮಯ್ಯ ಮೇಷ್ಟ್ರು.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ಚಿತ್ರವಿದು. ಜಲೀಲನ ಕಾಟವನ್ನು ತಪ್ಪಿಸಿದರೆ ತಂಗಿ ಅಲಮೇಲುವನ್ನು ಮದುವೆ ಮಾಡಿಕೊಡುವೆನೆಂದು ವರದನು ರಾಮಾಚಾರಿಗೆ ಮಾತು ಕೊಡುತ್ತಾನೆ. (ಇಡೀ ಚಿತ್ರದಲ್ಲಿ ನೆನಪಿನಲ್ಲುಳಿಯುವ ಮುಸ್ಲಿಮನೆಂದರೆ ಈ ಬೀದಿ ಪುಂಡನೇ ಎಂಬ ದೂರನ್ನು ಸದ್ಯಕ್ಕೆ ಬದಿಗಿರಿಸೋಣ.) ಕೆಲಸವಾದ ಮೇಲೆ ಜಾತಿ ಅಡ್ಡ ಬರುತ್ತದೆ. ದುರ್ಗದ ಮಾತು ಹಾಗಿರಲಿ, 1898ರ ಪ್ಲೇಗಿನ ತರುವಾಯ ಬೆಳೆದ ನಮ್ಮ ಬಸವನಗುಡಿ, ಮಲ್ಲೇಶ್ವರಂಗಳಲ್ಲಿಯೂ ನಿವೇಶನಗಳನ್ನು ಜಾತಿವಾರು ಹಂಚಲಾಗಿತ್ತು. ಮೇಷ್ಟ್ರು ತ್ಯಾಗದ ಹಿರಿಮೆಯನ್ನು ಬೋಧಿಸುತ್ತಾರೆ, ಶಿಷ್ಯ ತಲೆಬಾಗುತ್ತಾನೆ. ಅಣ್ಣ ಪಣಕ್ಕಿಟ್ಟ, ಗುರು ಬಿಡಿಸಿದರು, ಪ್ರೇಮಿ ಬಿಟ್ಟುಕೊಟ್ಟ. ಅಲಮೇಲುವನ್ನು ಕೇಳಿದವರಾರು? ಹಿರಿಯರು ತೋರಿಸಿದ ವರನನ್ನು ಮದುವೆಯಾಗಿ ಹೋದವಳು ವೇಶ್ಯಾವೃತ್ತಿಯ ನರಕಕ್ಕೆ ಬಿದ್ದಳು.

ಇಷ್ಟಾದ ಮೇಲೂ ಮಾರ್ಗರೆಟ್‌ಳ ವಿಷಯದಲ್ಲಿ ಮೇಷ್ಟ್ರು ಅದೇ ಪಾಠವನ್ನು ಪುನರುಚ್ಚರಿಸಿದರು. ಅವರ ತಪ್ಪನ್ನು ಮುಖಕ್ಕೆ ಹೇಳಿದವರು ಅವರ ಪತ್ನಿ. ಬೇರೆ ಬೇರೆ ಧರ್ಮದವರ ಮದುವೆಗೆಂದೇ 1954ರಲ್ಲಿ ವಿಶೇಷ ವಿವಾಹ ಕಾಯ್ದೆ ಬಂದಿತ್ತು. ಚಿತ್ರ ಬಿಡುಗಡೆಯಾದಾಗ ಅದಕ್ಕೆ 18 ವರ್ಷ. ಓದು ಬಲ್ಲ ಮೇಷ್ಟ್ರು ಶಿಷ್ಯನನ್ನು ಪೇಟೆಯ ನೋಂದಣಿ ಕಚೇರಿಗೆ ಕರೆದೊಯ್ಯಲಿಲ್ಲ, ಬೆಟ್ಟದ ತುದಿಯಲ್ಲಿ ಎದುರಾದರು. ಅಲ್ಲಿ ಮಾರ್ಗರೆಟ್‌ಳನ್ನು ನಿಂದಿಸಿದರು, ಸಾಧ್ಯವಾದರೆ ತನ್ನನ್ನು ತಳ್ಳೆಂದು ಸವಾಲು ಹಾಕಿದರು. ಮೂವರೂ ಉಳಿಯಲಿಲ್ಲ.

ತಳ್ಳಿದ ಕೈ ರಾಮಾಚಾರಿಯದು, ಅದನ್ನು ನಾವು ಮರೆಮಾಚುವುದಿಲ್ಲ. ಅವನ ಸಿಟ್ಟನ್ನು ಪೌರುಷವೆಂದು ಮೆಚ್ಚಿಕೊಂಡವರಲ್ಲಿ ನಾಡಿನ ಪ್ರೇಕ್ಷಕರೂ ಸೇರಿದ್ದಾರೆ. ಆದರೆ ಆ ಸಿಟ್ಟನ್ನು ತಿದ್ದಬಲ್ಲವರಾಗಿದ್ದ ಏಕೈಕ ವ್ಯಕ್ತಿ ಅದನ್ನು ವಿಧೇಯತೆಯ ಪರೀಕ್ಷೆಗೆ ಬಳಸಿಕೊಂಡರು. ಅವರು ಕೆಟ್ಟವರಲ್ಲ, ಶಿಷ್ಯನನ್ನು ಮಗನಂತೆ ಪ್ರೀತಿಸಿದವರು. ಅಷ್ಟು ಪ್ರೀತಿಸುವವರ ಮಾತನ್ನು ಮೀರುವುದು ಯಾರಿಗೆ ತಾನೇ ಸುಲಭ? ತಮ್ಮ ತಪ್ಪಿಗೆ ಅವರಾದರೂ ಪ್ರಾಣ ತೆತ್ತರು. ಮಾತು ಕೊಟ್ಟು ತಪ್ಪಿದ ವರದ ಯಾವ ಬೆಟ್ಟವನ್ನೂ ಹತ್ತಲಿಲ್ಲ.

ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗಲು ಕುಟುಂಬದ್ದಾಗಲಿ ಸಮುದಾಯದ್ದಾಗಲಿ ಅನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ತೀರ್ಪಿತ್ತಿತು. ಅದೇ ವರ್ಷ ‘ನಾಗರಹಾವು’ ಹೊಸ ತಂತ್ರಜ್ಞಾನದೊಂದಿಗೆ ಮತ್ತೆ ತೆರೆ ಕಂಡಿತು.

ಮೇಷ್ಟ್ರತ್ತ ಬೆರಳು ತೋರಿಸಿ ನಮ್ಮ ಸಮುದಾಯವೂ ಪಾರಾಗುವಂತಿಲ್ಲ. ಹೆಣ್ಣಿನ ಒಪ್ಪಿಗೆಯಿಲ್ಲದೆ ನಿಕಾಹ್ ಇಲ್ಲವೆಂದು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ವಕೀಲರೂ ಸಾಕ್ಷಿಗಳೂ ಆ ಒಪ್ಪಿಗೆ ಕೇಳಲು ಶಾದಿಮಹಲಿನಲ್ಲಿ ವಧುವಿನ ಕೋಣೆಗೆ ಹೋಗುವ ಹೊತ್ತಿಗೆ ಹೊರಗೆ ಬಿರಿಯಾನಿ ದಮ್ಮಿನಲ್ಲಿರುತ್ತದೆ, ಬೀಗರು ಸಾಲಾಗಿ ಕುಳಿತಿರುತ್ತಾರೆ. ಬೇಡವೆನ್ನುವ ಧೈರ್ಯ ಆಗ ಯಾವ ಹುಡುಗಿಗಿದೆ? ಅವಳ ಮೌನವನ್ನೇ ಸಮ್ಮತಿಯೆಂದು ಬರೆದುಕೊಳ್ಳುತ್ತೇವೆ. ಕರೆಯೋಲೆ ಅಚ್ಚಿಗೆ ಹೋಗುವ ಮುನ್ನವೇ, ತಂದೆ-ಅಣ್ಣಂದಿರು ಎದುರಿಗಿಲ್ಲದಾಗ, ಒಬ್ಬ ಮಹಿಳೆಯ ಮೂಲಕ ಆಕೆಯನ್ನು ಕೇಳಬೇಕೆಂದು ಮಸೀದಿಗಳ ಜಮಾಅತ್‌ಗಳು ನಿಯಮ ಮಾಡಲಿ.