ಹಲ್ಲು ಸರಿ ಮಾಡಿಸುವುದು ಮದುವೆಗಾಗಿಯೇ?

ಕಳೆದ ಮಳೆಗಾಲದಲ್ಲಿ ಮಲ್ಪೆಯ ನಮ್ಮ ಸಂಘದ ಸಭೆಗೆ ಎರಡು ಸಾಲದ ಅರ್ಜಿಗಳು ಬಂದವು. ಎರಡೂ ಹಲ್ಲಿನ ಚಿಕಿತ್ಸೆಗೆ. ಅರ್ಜಿ ಕೊಟ್ಟ ಇಬ್ಬರೂ ಓರಗಿತ್ತಿಯರು. ಹಿರಿಯವಳ ಮಗಳಿಗೆ 22 ವರ್ಷ, ಕಿರಿಯವಳ ಮಗಳಿಗೆ 8 ವರ್ಷ. ಇಬ್ಬರು ಹುಡುಗಿಯರಿಗೂ ಒಂದೇ ತೊಂದರೆ. ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲುಗಳು ಮೇಲಿನ ಹಲ್ಲುಗಳ ಮುಂದೆ ಬರುತ್ತವೆ, ಗದ್ದ ಮುಂದಕ್ಕೆ ಕಾಣುತ್ತದೆ. ಡಾಕ್ಟರುಗಳು ಇದಕ್ಕೆ ಅಂಡರ್‌ಬೈಟ್ ಎನ್ನುತ್ತಾರೆ.

ದೊಡ್ಡ ಹುಡುಗಿಯ ಅರ್ಜಿ ಐದು ನಿಮಿಷದಲ್ಲಿ ಪಾಸಾಯಿತು. "ಹುಡುಗನ ಕಡೆಯವರು ಬಂದು ಹೋಗಿದ್ದಾರೆ, ಹಲ್ಲು ಸರಿ ಮಾಡಿಸಿ ಎಂದಿದ್ದಾರೆ" ಎಂಬ ಒಂದೇ ಮಾತು ಸಾಕಾಯಿತು. ಸಣ್ಣ ಹುಡುಗಿಯ ಅರ್ಜಿಗೆ ಮಾತ್ರ ಅರ್ಧ ಗಂಟೆ ಚರ್ಚೆ. "ಈಗ ಎಂಥ ಅವಸರ ಮಾರಾಯ್ತಿ? ಮದುವೆ ಹೊತ್ತಿಗೆ ಮಾಡಿಸಿದರಾಯಿತು. ಈಗ ಬೋಟು ಬೇರೆ ಇಲ್ಲ" ಎಂದು ನಮ್ಮ ಸದಸ್ಯೆಯರೇ ಹೇಳಿದರು. ಅವರು ಕೆಟ್ಟವರಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಬಂದರಿನಲ್ಲಿ ವ್ಯಾಪಾರವಿಲ್ಲ, ಕಂತು ಕಟ್ಟುವುದೇ ಕಷ್ಟ. ಆದರೂ ಆ ದಿನ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಯಾಕೆಂದರೆ ನನ್ನ ಗದ್ದವೂ ಮುಂದಿದೆ. ಆ ತಾಯಂದಿರಿಬ್ಬರ ಒಪ್ಪಿಗೆ ಪಡೆದು, ಹೆಸರು ಹೇಳದೆ, ನನ್ನ ಕಥೆಯನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕಂದಿನಲ್ಲಿ ನನಗೆ ಮಾವಿನಕಾಯಿಯನ್ನು ಮುಂದಿನ ಹಲ್ಲಿನಿಂದ ಕಚ್ಚಲು ಆಗುತ್ತಿರಲಿಲ್ಲ. ಬಾಯಿಯ ಬದಿಗೆ ಇಟ್ಟು ಕಚ್ಚುತ್ತಿದ್ದೆ. ಕೆಲವು ಅಕ್ಷರಗಳು ಸರಿಯಾಗಿ ಹೊರಡುತ್ತಿರಲಿಲ್ಲ, ಶಾಲೆಯಲ್ಲಿ ಮಕ್ಕಳು ನಗುತ್ತಿದ್ದರು. ಅಮ್ಮ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುವವಳು. "ದೊಡ್ಡವಳಾದ ಮೇಲೆ ಸರಿಯಾಗುತ್ತದೆ" ಎನ್ನುತ್ತಿದ್ದಳು. ಅದು ದೊಡ್ಡವಳಾದಂತೆ ಹೆಚ್ಚಾಯಿತೇ ಹೊರತು ಸರಿಯಾಗಲಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ದೂರದ ಮಣಿಪಾಲದಲ್ಲಿ 1965ರಿಂದಲೂ ದಂತ ವೈದ್ಯಕೀಯ ಕಾಲೇಜು ಇದೆ. ಆದರೆ ಹುಳುಕು ಹಲ್ಲು ಕೀಳಿಸಲು ಬಿಟ್ಟು ಬೇರೆ ಯಾವುದಕ್ಕೂ ಅಲ್ಲಿಗೆ ಹೋಗಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ.

1994ರಲ್ಲಿ ನನ್ನ ಮದುವೆಯ ಮಾತುಕತೆ. ಹುಡುಗನ ಚಿಕ್ಕಮ್ಮ ನನ್ನ ಅಮ್ಮನಿಗೆ, "ಎಲ್ಲ ಒಳ್ಳೆಯದೇ ಅಕ್ಕ, ಹುಡುಗಿಯ ಗದ್ದ ಮಾತ್ರ ಸ್ವಲ್ಪ ಮುಂದೆ ಉಂಟಲ್ಲ" ಎಂದರು. ಅಷ್ಟೇ. ಅದಾದ ಮೇಲೆ ಹತ್ತು ಪವನ್ ಇದ್ದದ್ದು ಹನ್ನೆರಡಾಯಿತು. ಆ ಎರಡು ಪವನ್‌ಗೆ ಅಮ್ಮ ತನ್ನ ಬಳೆ ಅಡವಿಟ್ಟಳು. ಚಿನ್ನ ಕೊಟ್ಟ ಮೇಲಾದರೂ ಆ ಮಾತು ಮುಗಿಯಿತೇ? ಇಲ್ಲ. ಕುಡಿದು ಬಂದ ದಿನ ಗಂಡ ನನ್ನನ್ನು ಕರೆಯುತ್ತಿದ್ದದ್ದು ನನ್ನ ಗದ್ದದ ಹೆಸರಿನಿಂದಲೇ. ಹೊಡೆಯುತ್ತಿದ್ದದ್ದೂ ಅಲ್ಲಿಗೇ. ಒಂದು ಸಲ ಹಲ್ಲು ಅಲುಗಾಡಿದಾಗ ಡಾಕ್ಟರ ಹತ್ತಿರ "ಬಚ್ಚಲಲ್ಲಿ ಜಾರಿದೆ" ಎಂದೆ. ನಮ್ಮಲ್ಲಿ ಎಷ್ಟು ಮಂದಿ ಬಚ್ಚಲಲ್ಲಿ ಜಾರಿದ್ದೇವೆ, ಅಕ್ಕತಂಗಿಯರೇ!

ಈಗ ನನ್ನ ಪ್ರಶ್ನೆ ಇದು. ಈ ಗದ್ದ ನನಗೆ ಬಂದದ್ದು ಎಲ್ಲಿಂದ? ನನ್ನ ಅಪ್ಪನಿಂದ. ನಮ್ಮ ಸಂಘದ ಆ ಇಬ್ಬರು ಹುಡುಗಿಯರಿಗೂ ಬಂದದ್ದು ಅಪ್ಪಂದಿರ ಕಡೆಯಿಂದಲೇ, ಆ ಅಣ್ಣ ತಮ್ಮ ಇಬ್ಬರದೂ ಅದೇ ಮುಖ. ಅವರು ಗಡ್ಡ ಬಿಟ್ಟುಕೊಂಡು ಆರಾಮವಾಗಿದ್ದಾರೆ. ಅವರ ಮದುವೆಯಲ್ಲಿ ಗದ್ದದ ಮಾತು ಯಾರೂ ಎತ್ತಲಿಲ್ಲ. ಯುರೋಪಿನಲ್ಲಿ ಹ್ಯಾಬ್ಸ್‌ಬರ್ಗ್ ಎಂಬ ರಾಜವಂಶವಿತ್ತು. ತಲೆಮಾರುಗಳ ಕಾಲ ಆ ಮನೆತನದವರಿಗೆ ಕೆಳದವಡೆ ಮುಂದೆ. 1700ರಲ್ಲಿ ತೀರಿಕೊಂಡ ಸ್ಪೇನಿನ ದೊರೆ ಎರಡನೇ ಚಾರ್ಲ್ಸ್‌ಗೆ ಆಹಾರ ಅಗಿಯುವುದೇ ಕಷ್ಟವಾಗಿತ್ತಂತೆ. ದೊರೆಗೆ ಗದ್ದ ಮುಂದಿದ್ದರೆ ಅದು ವಂಶದ ಲಕ್ಷಣ. ಮೀನು ಮಾರುವವಳ ಮಗಳಿಗೆ ಇದ್ದರೆ ಎರಡು ಪವನ್ ದಂಡ!

ಇನ್ನು ಚಿಕಿತ್ಸೆಯ ವಿಷಯ. ನಾನು ಡಾಕ್ಟರಲ್ಲ. ಆದರೆ ಆ ಎರಡು ಅರ್ಜಿಗಳ ನೆಪದಲ್ಲಿ ತಾಯಂದಿರ ಜೊತೆ ಆಸ್ಪತ್ರೆಗೆ ಹೋಗಿ, ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಅಂಡರ್‌ಬೈಟ್ ಎಲ್ಲರಲ್ಲೂ ಒಂದೇ ರೀತಿಯದಲ್ಲ. ಕೆಲವು ಮಕ್ಕಳಲ್ಲಿ ಎಲುಬು ಸರಿಯಾಗಿಯೇ ಇರುತ್ತದೆ, ಮುಂದಿನ ಒಂದೆರಡು ಹಲ್ಲು ಮಾತ್ರ ಹಿಂದಕ್ಕೆ ಸಿಕ್ಕಿಹಾಕಿಕೊಂಡಿರುತ್ತವೆ. ಅಂಥವರಿಗೆ ತೆಗೆದು ಹಾಕಬಹುದಾದ ಒಂದು ಸಣ್ಣ ಪ್ಲೇಟ್ ಕೆಲವು ತಿಂಗಳಲ್ಲಿ ಕೆಲಸ ಮುಗಿಸಬಹುದು. ಕೆಲವರಲ್ಲಿ ಮೇಲ್ದವಡೆಯ ಬೆಳವಣಿಗೆ ಸಾಲದು. ಸೀಳುತುಟಿ, ಸೀಳು ಅಂಗುಳದ ಆಪರೇಷನ್ ಆದ ಮಕ್ಕಳಲ್ಲೂ ಹೀಗಾಗುವುದುಂಟು. ಇನ್ನು ಕೆಲವರಲ್ಲಿ ಕೆಳದವಡೆಯೇ ಹೆಚ್ಚು ಬೆಳೆಯುತ್ತದೆ. ಯಾವುದು ಎಂದು ನೋಡಿ ಹೇಳಬೇಕಾದವರು ಡಾಕ್ಟರು, ಎಕ್ಸ್‌ರೇ ತೆಗೆದು. ನೆರೆಮನೆಯವರಲ್ಲ.

ಮಗುವಿಗೆ ಆರೇಳು ವರ್ಷವಾದಾಗ ಮುಂದಿನ ಹಾಲುಹಲ್ಲು ಬಿದ್ದು ಕಾಯಂ ಹಲ್ಲು ಬರತೊಡಗುತ್ತದೆ. ಆ ಹೊತ್ತಿಗೆ ಮಗುವನ್ನು ಎದುರಿಗೆ ಕೂರಿಸಿ ಹಿಂದಿನ ಹಲ್ಲುಗಳನ್ನು ಕಚ್ಚಲು ಹೇಳಿ ನೋಡಿ. ಕೆಳಗಿನ ಮುಂದಿನ ಹಲ್ಲು ಮೇಲಿನದನ್ನು ಮುಚ್ಚುತ್ತದೆಯೇ? ಹಾಗಿದ್ದರೆ ತೋರಿಸಿ. ಮೇಲ್ದವಡೆ ಹಿಂದಿದ್ದರೆ, ಹಣೆಗೂ ಗದ್ದಕ್ಕೂ ಆತುಕೊಳ್ಳುವ ಒಂದು ಸಾಧನ ಕೊಡುತ್ತಾರೆ. ಅದರಿಂದ ರಬ್ಬರ್ ಬ್ಯಾಂಡ್ ಹಾಕಿ ಮೇಲ್ದವಡೆಯನ್ನು ನಿಧಾನವಾಗಿ ಮುಂದಕ್ಕೆ ಎಳೆಯುತ್ತಾರೆ. ದಿನಕ್ಕೆ 12 ಗಂಟೆಗೂ ಹೆಚ್ಚು, ಸಂಜೆಯಿಂದ ಬೆಳಗಿನವರೆಗೆ, ಸುಮಾರು 9ರಿಂದ 12 ತಿಂಗಳು ಹಾಕಬೇಕು. ಎಲುಬು ಇನ್ನೂ ಎಳೆಯದಾಗಿರುವಾಗ, ಅಂದರೆ ಹತ್ತು ವರ್ಷದ ಒಳಗೆ, ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮೈನೆರೆಯುವ ವಯಸ್ಸಿನಲ್ಲಿ ಕೆಳದವಡೆ ಮತ್ತೆ ಜೋರಾಗಿ ಬೆಳೆದು ತೊಂದರೆ ಮರಳುವುದೂ ಉಂಟು. ಆದ್ದರಿಂದ ಬೆಳವಣಿಗೆ ನಿಲ್ಲುವವರೆಗೆ ತೋರಿಸುತ್ತಲೇ ಇರಬೇಕು. ಎಲ್ಲ ಮಕ್ಕಳಿಗೂ ಮುಂದೆ ಆಪರೇಷನ್ ತಪ್ಪುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಆದರೆ ತಪ್ಪುವ ಅವಕಾಶ ಇರುವುದು ಆ ವಯಸ್ಸಿನಲ್ಲಿಯೇ.

ಇಪ್ಪತ್ತೆರಡರಲ್ಲಿ ಏನಾಗುತ್ತದೆ? ಎಲುಬು ಬೆಳೆದು ಗಟ್ಟಿಯಾಗಿದೆ. ವ್ಯತ್ಯಾಸ ಸ್ವಲ್ಪವೇ ಇದ್ದರೆ ಕ್ಲಿಪ್ ಹಾಕಿ ಹಲ್ಲುಗಳನ್ನು ಸರಿಸಬಹುದು, ಅದಕ್ಕೂ ಒಂದೂವರೆ ಎರಡು ವರ್ಷ ಬೇಕು. ದವಡೆಯೇ ಮುಂದಿದ್ದರೆ ಕ್ಲಿಪ್ ಮಾತ್ರ ಸಾಲದು. ಮೊದಲು ಒಂದು ವರ್ಷಕ್ಕೂ ಹೆಚ್ಚು ಕಾಲ ಕ್ಲಿಪ್, ಆಮೇಲೆ ಪ್ರಜ್ಞೆ ತಪ್ಪಿಸಿ ದವಡೆ ಕತ್ತರಿಸಿ ಹಿಂದೆ ಸರಿಸಿ ಪ್ಲೇಟ್, ಸ್ಕ್ರೂ ಹಾಕುವ ಆಪರೇಷನ್, ಆಮೇಲೆ ಮತ್ತೆ ಕೆಲವು ತಿಂಗಳು ಕ್ಲಿಪ್. ವಾರಗಟ್ಟಲೆ ಗಂಜಿ, ಮೆತ್ತನೆಯ ಊಟ. ಕೆಳದುಟಿ ಜೋಮು ಹಿಡಿದಂತಾಗಿ, ಕೆಲವರಲ್ಲಿ ಅದು ಹಾಗೇ ಉಳಿಯುವ ಅಪಾಯವೂ ಇದೆ. ಅಗಿಯಲು ತುಂಬ ಕಷ್ಟಪಡುವವರಿಗೆ ಇದು ನಿಜವಾಗಿಯೂ ಒಳ್ಳೆಯ ಚಿಕಿತ್ಸೆ. ಆದರೆ ಇದು "ವೈಶಾಖದಲ್ಲಿ ಮದುವೆ, ಅಷ್ಟರಲ್ಲಿ ಸರಿ ಮಾಡಿಸಿ" ಎಂದು ಹೇಳುವಂಥ ಕೆಲಸವಲ್ಲ.

ನಾವು ಮಾಡುತ್ತಿರುವ ತಪ್ಪು ಇಲ್ಲಿದೆ. ಎಂಟು ವರ್ಷದಲ್ಲಿ ಸುಲಭವಾಗಿ ಆಗಬಹುದಾದ ಕೆಲಸವನ್ನು ಆಗ "ಅವಸರವಿಲ್ಲ" ಎನ್ನುತ್ತೇವೆ. ಇಪ್ಪತ್ತೆರಡರಲ್ಲಿ ಕಷ್ಟದ ಕೆಲಸವಾದಾಗ "ಅವಸರ" ಎನ್ನುತ್ತೇವೆ. ಹೆಣ್ಣುಮಗುವಿನ ಬಾಯಿ ಉಣ್ಣಲು, ಮಾತಾಡಲು, ನಗಲು ಇದೆ ಎಂದು ನಾವು ಒಪ್ಪಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಅದು ಗಂಡಿನ ಕಡೆಯವರಿಗೆ ತೋರಿಸಲು ಇದೆ ಎಂದುಕೊಂಡಿದ್ದರಿಂದಲೇ ಅವರು ಬರುವವರೆಗೆ ಕಾಯುತ್ತೇವೆ. ಮದುವೆ ಪೇಟೆಯಲ್ಲಿ ಬೆಲೆ ಕಟ್ಟುವವರು ಅವರು. ಆದರೆ ವಸ್ತುವನ್ನು ತೊಳೆದು ಒರೆಸಿ ಎದುರಿಗೆ ಇಡುವವರು ನಾವೇ ಅಲ್ಲವೇ?

ಹಾಗೆಂದರೆ ಚಂದಕ್ಕಾಗಿ ಚಿಕಿತ್ಸೆ ಮಾಡಿಸಿಕೊಳ್ಳುವುದು ತಪ್ಪೇ? ತಪ್ಪಲ್ಲ. ಕನ್ನಡಿಯಲ್ಲಿ ತನ್ನ ಮುಖ ತನಗೆ ಹಿತವಾಗಿ ಕಾಣಬೇಕೆಂಬ ಆಸೆ ಯಾರಿಗೆ ಇರುವುದಿಲ್ಲ? ಆದರೆ ಅದನ್ನು ಹೇಳಬೇಕಾದವಳು ಆ ಹುಡುಗಿ. ನಮ್ಮ ಸಂಘದಲ್ಲಿ ಸಾಲ ಪಾಸು ಮಾಡುವಾಗ ಆ 22ರ ಹುಡುಗಿಯನ್ನು ನಾವ್ಯಾರೂ ಕೇಳಿಯೇ ಇರಲಿಲ್ಲ.

"ಹಣ ಎಲ್ಲಿಂದ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕ್ 1925ರಲ್ಲಿ ನಮ್ಮ ಉಡುಪಿಯಲ್ಲೇ ಹುಟ್ಟಿತು. 1928ರಲ್ಲಿ ದಿನಕ್ಕೆ ಎರಡಾಣೆ ಕಟ್ಟುವ ಪಿಗ್ಮಿ ಶುರು ಮಾಡಿತು. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ದಿನಾ ಇಷ್ಟಿಷ್ಟು ಎತ್ತಿಡುವ ಅಭ್ಯಾಸ ನಮ್ಮ ಹೆಂಗಸರ ಕೈಯಲ್ಲಿ ಉಳಿದಿದೆ. ಹೆಣ್ಣು ಹುಟ್ಟಿದ ದಿನದಿಂದ ಚಿನ್ನಕ್ಕೆಂದು ಎತ್ತಿಡುತ್ತೇವೆ. ಆ ಚಿನ್ನ ಇನ್ನೊಬ್ಬರ ಕಪಾಟಿಗೆ ಹೋಗುತ್ತದೆ. ಅದರಲ್ಲಿ ಒಂದು ಪಾಲನ್ನು ಎಂಟನೇ ವರ್ಷದಲ್ಲಿ ಅವಳ ಹಲ್ಲಿಗೆ ಖರ್ಚು ಮಾಡಿದರೆ ಅದು ಅವಳ ಬಾಯಲ್ಲೇ ಉಳಿಯುತ್ತದೆ, ಯಾರೂ ಅಡವಿಡಲಾರರು. ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವುದರಿಂದ ಕಂತಿನಲ್ಲಿ ಕಟ್ಟಬಹುದೇ ಎಂದು ಮೊದಲೇ ವಿಚಾರಿಸಿ.

ಇನ್ನೊಂದು ಮಾತು, ಕಾನೂನಿನದು. "ಹುಡುಗಿಗೆ ಹೀಗಿದೆ, ಆದ್ದರಿಂದ ಇಷ್ಟು ಪವನ್ ಹೆಚ್ಚು ಕೊಡಿ" ಎಂದು ಕೇಳುವುದೂ ವರದಕ್ಷಿಣೆ ಕೇಳುವುದೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 4ನೇ ಕಲಮಿನ ಪ್ರಕಾರ ಕೇಳುವುದೇ ಅಪರಾಧ, ಕೊಟ್ಟಿರಬೇಕೆಂದೇನೂ ಇಲ್ಲ. 1983ರಲ್ಲಿ ಬಂದ 498ಎ ಕಲಮು 1 ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಅದರಲ್ಲಿ ಶಿಕ್ಷೆ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ ಹೊಡೆತ ಮಾತ್ರವಲ್ಲ, ಹೀಯಾಳಿಸುವುದು, ಅಡ್ಡಹೆಸರಿಟ್ಟು ಅವಮಾನಿಸುವುದು ಕೂಡ ದೌರ್ಜನ್ಯವೇ. ಅದೇ ಕಾಯ್ದೆಯಲ್ಲಿ ಚಿಕಿತ್ಸೆಯ ಖರ್ಚನ್ನು ಕೇಳಲು ಅವಕಾಶವಿದೆ, ಆಸ್ಪತ್ರೆಯವರು ಚಿಕಿತ್ಸೆ ಕೊಡಲೇಬೇಕು ಎಂದೂ ಇದೆ. ಹಲ್ಲು ಅಲುಗಾಡಿದ ದಿನ ನನಗೆ ಇದಾವುದೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ. ಡಾಕ್ಟರ ಕುರ್ಚಿಯಲ್ಲಿ ಕೂತಾಗ ನಿಜ ಹೇಳಿ, ಅದು ಚೀಟಿಯಲ್ಲಿ ಬರೆಯಲ್ಪಡಲಿ. ಸಹಾಯಕ್ಕೆ 181 ಮಹಿಳಾ ಸಹಾಯವಾಣಿ ಇದೆ, ತುರ್ತಿಗೆ 112.

ಈ ಕರಾವಳಿಯ ಅಳಿಯಕಟ್ಟಿನ ಮನೆಗಳಲ್ಲಿ ಒಂದು ಕಾಲದಲ್ಲಿ ವಂಶ ನಡೆಯುತ್ತಿದ್ದದ್ದು ಹೆಣ್ಣಿನ ಕಡೆಯಿಂದ. ಆ ಹಳೆಯ ಕಾಲವನ್ನು ನಾನು ಹೊಗಳುತ್ತಿಲ್ಲ, ಆಗಲೂ ಯಜಮಾನಿಕೆ ಹೆಚ್ಚಾಗಿ ಗಂಡಸರದೇ. ಆದರೆ ಹೆಣ್ಣಿಗೆ ತಾಯಿಮನೆಯಲ್ಲಿ ಹಕ್ಕಿದ್ದ ಇದೇ ನೆಲದಲ್ಲಿ ಇಂದು ಅವಳ ಗದ್ದಕ್ಕೂ ತೂಕದ ಚಿನ್ನ ಕೇಳುತ್ತಾರೆಂದರೆ, ಇದು "ಹಿಂದಿನಿಂದ ಬಂದದ್ದು" ಎಂಬ ಮಾತು ಸುಳ್ಳು. ನಡುವೆ ಬಂದದ್ದು. ಬಂದದ್ದನ್ನು ಕಳಿಸಲೂ ಬಹುದು.

ಆ ಎರಡು ಅರ್ಜಿಗಳು ಏನಾದವು? ಚಿಕಿತ್ಸೆಗೆ ಎರಡು ವರ್ಷವಾಗುತ್ತದೆ ಎಂದು ತಿಳಿದಾಗ ಹುಡುಗನ ಕಡೆಯವರು, "ಹಾಗಾದರೆ ಅದು ಬೇಡ, ಆ ಹಣಕ್ಕೆ ಚಿನ್ನ ಹಾಕಿ" ಎಂದರು. ತಾಯಿ ಹೆದರಿ, ಸಾಲವನ್ನು ಚಿನ್ನಕ್ಕೆ ಬದಲಿಸಿ ಕೊಡಿ ಎಂದು ಸಂಘಕ್ಕೆ ಬಂದಳು. ಅಂದು ನಾವು ಮೊದಲ ಸಲ ಆ ಹುಡುಗಿಯನ್ನು ಸಭೆಗೆ ಕರೆದು ಕೇಳಿದೆವು. ಅವಳು ಹೇಳಿದ್ದು ಇಷ್ಟೇ: "ನನಗೆ ಅಗಿಯಲು ಕಷ್ಟ ಆಗುತ್ತದೆ. ಮಾಡಿಸಬೇಕೋ ಬೇಡವೋ ನಾನು ಯೋಚನೆ ಮಾಡಿ ಹೇಳುತ್ತೇನೆ. ಆ ಮನೆಗೆ ಮಾತ್ರ ನಾನು ಹೋಗುವುದಿಲ್ಲ." ತಾಯಿ ಅತ್ತಳು. ಸಂಬಂಧ ಮುರಿಯಿತು. ಊರಿನಲ್ಲಿ ಮಾತು ಇನ್ನೂ ನಿಂತಿಲ್ಲ. ಹುಡುಗಿ ಇನ್ನೂ ಯೋಚಿಸುತ್ತಿದ್ದಾಳೆ, ಯೋಚಿಸಲಿ. ಸಂಘದ ಹಣ ವರದಕ್ಷಿಣೆಯ ಚಿನ್ನಕ್ಕೆ ಇಲ್ಲ, ಚಿಕಿತ್ಸೆಗೆ ಯಾವಾಗ ಬೇಕಾದರೂ ಇದೆ ಎಂದು ಪುಸ್ತಕದಲ್ಲಿ ಠರಾವು ಬರೆದು ಎಲ್ಲರೂ ಸಹಿ ಹಾಕಿದ್ದೇವೆ.

ಸಣ್ಣ ಹುಡುಗಿಗೆ ಸಾಲ ಕೊಟ್ಟೆವು. ರಾತ್ರಿ ಆ ಸಾಧನ ಹಾಕಿಕೊಂಡು ಮಲಗುತ್ತಾಳೆ. ಮೊದಲು ಅತ್ತಳು, ಈಗ ತಾನೇ ರಬ್ಬರ್ ಬ್ಯಾಂಡ್ ಬದಲಿಸಿಕೊಳ್ಳುತ್ತಾಳೆ. ನಿಷೇಧದ ಎರಡು ತಿಂಗಳು ಅವಳ ತಾಯಿಗೆ ಕಂತಿನಲ್ಲಿ ರಿಯಾಯಿತಿ.

ಸದಸ್ಯೆಯರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಭೆಗೆ ಬರುವಾಗ ಆರರಿಂದ ಹತ್ತು ವರ್ಷದೊಳಗಿನ ಮಕ್ಕಳನ್ನು ಕರೆತನ್ನಿ, ಹೆಣ್ಣು ಗಂಡು ಎನ್ನದೆ. ಬಾಯಿ ತೆರೆಸಿ, ಹಲ್ಲು ಕಚ್ಚಿಸಿ ನೋಡಿ. ಸಂಶಯವಿದ್ದವರನ್ನು ಒಟ್ಟಿಗೆ ಒಂದು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ಮತ್ತೆ ಯಾರಾದರೂ "ಮದುವೆ ಹೊತ್ತಿಗೆ ನೋಡುವ" ಎಂದರೆ ಅವರಿಗೆ ನನ್ನ ಗದ್ದ ತೋರಿಸಿ.