ಶಹೀದ್ ಪದವಿ ಅಜಾಗ್ರತೆಗೆ ಪರವಾನಗಿಯಲ್ಲ

ಕಡಲ ಬಂಡೆಯ ಮೇಲೆ ಗಾಳ ಹಾಕಲು ಹೋದವನು ಅಲೆಗೆ ಸಿಕ್ಕಿ ಮೃತಪಟ್ಟನೆಂಬ ಸುದ್ದಿ ಬಂದೊಡನೆ ನಮ್ಮಲ್ಲಿ ಎರಡು ಮಾತುಗಳು ಕೇಳಿಬರುತ್ತವೆ: ಅದು ಅವನ ವಿಧಿ, ಮುಳುಗಿ ಸತ್ತವನು ಶಹೀದ್. ಎರಡನೆಯ ಮಾತಿಗೆ ಸಹೀಹ್ ಬುಖಾರಿಯ ಹದೀಸ್‌ನ ಆಧಾರವಿದೆ. ಆದರೆ ಅದು ಮಗನನ್ನು ಕಳೆದುಕೊಂಡ ತಾಯಿಗೆ ದೊರೆತ ಸಾಂತ್ವನ. ಬದುಕಿರುವವರ ಉದಾಸೀನಕ್ಕೆ ಕೊಟ್ಟ ಪರವಾನಗಿಯಲ್ಲ.

ಕಡಲಿನ ಬೇಟೆ ಹಲಾಲ್ ಎಂಬುದು ಅಲ್‌ಮಾಇದ ಅಧ್ಯಾಯದ 96ನೇ ವಚನದಿಂದ ಸ್ಪಷ್ಟ. ಸ್ವಂತ ಕೈಗಳಿಂದ ನಾಶಕ್ಕೆ ಬೀಳುವುದನ್ನು ಅಲ್‌ಬಕರ ಅಧ್ಯಾಯದ 195ನೇ ವಚನ ನಿಷೇಧಿಸಿದೆ. ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಮರೆಯುವುದು ಯಾವ ಧರ್ಮನಿಷ್ಠೆ?

ಐ.ಡಿ.ಹಳ್ಳಿಯಂತಹ ಬಯಲುಸೀಮೆಯ ಊರಿಗೆ ಕಡಲಿನ ಮಾತೇಕೆ ಎನ್ನಬೇಡಿ. ಕೆರೆಯ ಏರಿಯ ಮೇಲೆ ಗಾಳ ಹಿಡಿಯಲು ಕಲಿತ ಯುವಕರೇ ರಜೆಯಲ್ಲಿ ಮಂಗಳೂರು, ಮುರ್ಡೇಶ್ವರಕ್ಕೆ ಹೋಗುತ್ತಾರೆ. ಕೆರೆಯದು ನಿಂತ ನೀರು, ಕಡಲು ಹಾಗಲ್ಲ. ಹಲವು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡ ಅಲೆ ಬಂದೇ ಬರುತ್ತದೆ. ಉಳ್ಳಾಲ ಸಮೀಪದ ಸೋಮೇಶ್ವರದ ರುದ್ರಪಾದೆಯಿಂದ ಕಡಲಿಗೆ ಬಿದ್ದು ಜೀವ ಕಳೆದುಕೊಂಡವರು ಒಬ್ಬಿಬ್ಬರಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ನಿಷೇಧ ಬಂಡೆಯ ಮೇಲಿನ ಗಾಳವನ್ನು ಮುಟ್ಟುವುದಿಲ್ಲ. ಅಲ್ಲಿ ತಡೆಯಬೇಕಾದದ್ದು ನಮ್ಮ ವಿವೇಕವೇ.

ಮೊದಲು ಒಂಟೆಯನ್ನು ಕಟ್ಟಬೇಕು, ಬಳಿಕ ಭರವಸೆಯಿಡಬೇಕು ಎಂಬುದು ಪ್ರವಾದಿ(ಸ)ಯವರು ಕಲಿಸಿದ ತವಕ್ಕುಲ್. ಪ್ಲೇಗ್ ಹರಡಿದ್ದ ಶಾಮ್‌ಗೆ ಪ್ರವೇಶಿಸದೆ ಹ. ಉಮರ್(ರ) ಸರ್ಗ್‌ನಿಂದಲೇ ಮರಳಿದರು. ಅಲ್ಲಾಹನ ವಿಧಿಯಿಂದ ಓಡುವಿರಾ ಎಂದು ಕೇಳಿದಾಗ, ಅವನ ವಿಧಿಯೆಡೆಗೇ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಹಾಗಿದ್ದರೆ ತೊಟ್ಟುಕೊಂಡ ಲೈಫ್ ಜಾಕೆಟ್ ವಿಧಿಯ ಹೊರಗಿನದೇ?

ಆದ್ದರಿಂದ ಸಹೋದರರೇ, ಒಂಟಿಯಾಗಿ ಹೋಗಬೇಡಿ. ಬಂಡೆ ಏರುವ ಮುನ್ನ ದೂರದಲ್ಲಿ ನಿಂತು ಅಲೆಗಳನ್ನು ಸಾಕಷ್ಟು ಹೊತ್ತು ಗಮನಿಸಿ. ಒದ್ದೆಯಾದ ಬಂಡೆಯೆಂದರೆ ಅಲೆ ತಲುಪುವ ಬಂಡೆ; ಅಲ್ಲಿ ನಿಲ್ಲಬೇಡಿ. ಕಡಲಿಗೆ ಬೆನ್ನು ಮಾಡಬೇಡಿ. ಗಾಳ ಬಂಡೆಗೆ ಸಿಕ್ಕಿಕೊಂಡರೆ ದಾರ ಕತ್ತರಿಸಿ, ಇಳಿಯಬೇಡಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರದೆ ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಿರಿ, 112ಕ್ಕೆ ಕರೆ ಮಾಡಿ, ಸ್ಥಳೀಯ ಮೀನುಗಾರರನ್ನು ಕೂಗಿ.

ನಮ್ಮ ಖತೀಬರಲ್ಲೂ ಒಂದು ವಿನಂತಿ. ಜನಾಝಾದ ದಿನ ವಿಧಿಯ ಬಗ್ಗೆ ಮಾತನಾಡುವ ನಾವು, ರಜೆ ಆರಂಭವಾಗುವ ಮುಂಚಿನ ಜುಮಾದಲ್ಲಿ ಎಚ್ಚರಿಕೆಯ ಬಗ್ಗೆ ಐದು ನಿಮಿಷ ಮಾತನಾಡೋಣ. ಒಂದು ಜೀವ ಉಳಿಸಿದವನು ಸಕಲ ಮನುಕುಲವನ್ನು ಉಳಿಸಿದಂತೆ ಎಂದು ಬೋಧಿಸುವ ಮಿಂಬರ್‌ಗೆ ಅದು ಹೊರೆಯಾಗಲಾರದು.