ಕಡಲ ಕರೆಯ ಉದ್ಯಾನ ಯಾರಿಗಾಗಿ?

ಕಡಲ ಕರೆಯ ಪುಟ್ಟ ವಿಹಾರೋದ್ಯಾನವೆಂದರೆ ಸಿಮೆಂಟಿನ ಕಾಲುದಾರಿ, ಬಣ್ಣದ ದೀಪ, ಮಹಾದ್ವಾರ ಮತ್ತು ಟಿಕೇಟಿನ ಕಿಂಡಿ ಎಂಬ ಭ್ರಾಂತಿಯು ನಮ್ಮ ಕಾಸರಗೋಡು ಸೀಮೆಯಲ್ಲಿಯೂ ಬೇರೂರುತ್ತಿದೆ. ಇದನ್ನು ಅಭಿವೃದ್ಧಿಯೆಂದು ಕೊಂಡಾಡುವವರೊಡನೆ ನನಗೆ ತಕರಾರಿದೆ.

ಬೇಕಲವನ್ನೇ ನೋಡೋಣ. ಇಕ್ಕೇರಿಯ ಶಿವಪ್ಪ ನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದನೆಂದು ಪ್ರತೀತಿಯಿರುವ ಕೋಟೆ. ಅದರ ಮಗ್ಗುಲಲ್ಲಿ ಪಳ್ಳಿಕೆರೆಯ ಮರಳದಂಡೆ. 1992ರಲ್ಲಿ ಈ ಪ್ರದೇಶವು ವಿಶೇಷ ಪ್ರವಾಸೋದ್ಯಮ ಕ್ಷೇತ್ರವೆಂದು ಘೋಷಿತವಾಯಿತು; 1995ರಲ್ಲಿ ಅದಕ್ಕೊಂದು ನಿಗಮವೂ ಹುಟ್ಟಿತು. ಹಣವಂತರಿಗೆ ವಿಹಾರಗೃಹಗಳು ಎದ್ದುವು. ಆಗಲಿ. ಆದರೆ ಬುತ್ತಿ ಕಟ್ಟಿಕೊಂಡು ಬರುವ ಬಡ ಸಂಸಾರಕ್ಕೂ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಬೇಕಾದುದು ಬಯಲು ಮರಳು, ಒಂದಿಷ್ಟು ನೆರಳು. ಅದರ ಮೇಲೂ ಕಾಂಕ್ರೀಟು ಸುರಿಯಬೇಕೆ?

“ಕಟ್ಟಡವಿಲ್ಲದಿದ್ದರೆ ಪ್ರವಾಸಿಗಳು ಬಾರರು” ಎಂಬುದು ಪ್ರತಿವಾದ. ಕಡಲಿನ ರೀತಿಯನ್ನರಿತವರು ಹೀಗೆ ನುಡಿಯಲಾರರು. ಮಳೆಗಾಲದ ತೆರೆಗಳು ದಂಡೆಯ ಮರಳನ್ನು ಸೆಳೆದೊಯ್ದು ನೀರಿನೊಳಗೆ ದಿಬ್ಬವಾಗಿ ಒಟ್ಟುತ್ತವೆ. ಮಳೆ ಕಳೆದ ಮೇಲಿನ ಸೌಮ್ಯವಾದ ತೆರೆಗಳು ಅದನ್ನೇ ಮರಳಿ ತಂದು ಹರಡುತ್ತವೆ. ದಂಡೆಯ ಹಿಂದಣ ಮರಳದಿನ್ನೆಯೇ ಈ ಕೊಡುಕೊಳೆಯ ಭಂಡಾರ. ಅಡುಂಬುಬಳ್ಳಿಯೂ ಮುಂಡುಗದ ಪೊದೆಯೂ ಅದನ್ನು ಹಿಡಿದು ನಿಲ್ಲಿಸುತ್ತವೆ. ಬಳ್ಳಿಯನ್ನು ಕಿತ್ತು, ದಿನ್ನೆಯನ್ನು ಸಮಮಾಡಿ ಕಟ್ಟಡವೆಬ್ಬಿಸಿದರೆ ಅದರ ರಕ್ಷಣೆಗೆ ಕಲ್ಲಿನ ತಡೆಗೋಡೆ ಬೇಕಾಗುತ್ತದೆ. ಗೋಡೆಗೆ ಬಡಿದ ತೆರೆಯು ಬುಡದ ಮರಳನ್ನು ಕೊರೆಯುತ್ತದೆ. ಕೊನೆಗೆ ಉದ್ಯಾನವುಂಟು, ದಂಡೆಯಿಲ್ಲ!

“ಕಾನೂನು ಒಪ್ಪುತ್ತದೆ” ಎನ್ನುವವರೂ ಇದ್ದಾರೆ. 2019ರ ಕರಾವಳಿ ನಿಯಂತ್ರಣ ಅಧಿಸೂಚನೆಯು ಜನದಟ್ಟಣೆಯ ಗ್ರಾಮಪ್ರದೇಶಗಳಲ್ಲಿ ನಿರ್ಮಾಣನಿಷೇಧದ ವಲಯವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಪ್ರವಾಸಿಗಳ ತಾತ್ಕಾಲಿಕ ಸೌಕರ್ಯಗಳಿಗೆ ಉಬ್ಬರದ ರೇಖೆಯಿಂದ 10 ಮೀಟರ್ ದೂರ ಸಾಕೆಂದಿತು. ಆದರೆ ಕಾನೂನು ಒಪ್ಪಿದ್ದನ್ನೆಲ್ಲ ಕಡಲು ಒಪ್ಪಬೇಕೆಂಬ ನಿಯಮವೆಲ್ಲಿದೆ?

ನಮಗೆ ಬೇಕಾದುದು ಅಲ್ಪ: ಸುರಹೊನ್ನೆಯ ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಗೃಹ, ನೀರಿಗಿಳಿಯುವವರ ಮೇಲೆ ಕಣ್ಣಿಡುವ ಕಾವಲುಗಾರ. ಸುಳಿಯಿರುವೆಡೆಯ ಎಚ್ಚರಿಕೆಯ ಫಲಕದಲ್ಲಿ ಮಲಯಾಳದೊಡನೆ ಕನ್ನಡವೂ ಇರಲಿ. ಇದು ಭಾಷಾಭಿಮಾನದ ಮಾತಷ್ಟೇ ಅಲ್ಲ. ಓದಲು ಬಾರದ ಎಚ್ಚರಿಕೆಯು ಮಗುವಿನ ಪ್ರಾಣವನ್ನು ಕಾಯದು.

ಸಂವಿಧಾನದ 350ನೆಯ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ನಮಗಿತ್ತಿದೆ. ಸಹೃದಯ ವಾಚಕರೇ, ಶಿಕ್ಷಕ ಬಂಧುಗಳೇ, ಕನ್ನಡದಲ್ಲಿಯೇ ಮನವಿ ಬರೆಯೋಣ, ದಂಡೆಯಿರುವಾಗಲೇ ಬರೆಯೋಣ.